ಮೂರನೆಯ ಆಸನದ ಪಟ್ಟಿಗಳು

೯ ಫೆಬ್ರವರಿ

ಬುಗುರಿ,

ನಿನ್ನ ಪತ್ರ ಗಡಿಯಾರದವನ ಅಂಗಡಿಯ ವಿಳಾಸಕ್ಕೆ ಸರಿಯಾಗಿ ಬಂದು ತಲುಪಿತು. ಇನ್ನು ಮುಂದೆಯೂ ಅಲ್ಲಿಗೇ ಬರೆ. ಫೋನಿನಲ್ಲಿ ಈ ವಿಷಯವನ್ನು ಆಡುವಂತಿಲ್ಲ. ಗಂಟೆ ಬಾರಿಸಿತೆಂದರೆ ನಿನ್ನ ತಾಯಿ ಹೊಲಿಗೆ ಯಂತ್ರವನ್ನು ನಿಲ್ಲಿಸಿ, ನನಗಿಂತ ಮೊದಲೇ ಫೋನು ಹಿಡಿದಿರುತ್ತಾಳೆ. ಗಡಿಯಾರದವನು ಲಕೋಟೆಯನ್ನು ನನ್ನ ಕೈಗಿಡುತ್ತ, “ಏನ್ ಮೇಷ್ಟ್ರೇ, ಪಿಂಚಣಿ ತಗೊಳ್ಳೋ ವಯಸ್ಸಲ್ಲಿ ಕದ್ದುಮುಚ್ಚಿ ಕಾಗದ! ಅಮ್ಮಾವ್ರಿಗೆ ಹೇಳ್ಲಾ?” ಎಂದ. ಮಗಳ ಪತ್ರವೆಂದೆ. “ಮಗಳ ಕಾಗದಾನ ಯಾರಾದ್ರೂ ಬಚ್ಚಿಡ್ತಾರಾ?” ಎಂದು ಮತ್ತೆ ಕೇಳಿದ. ಲಕೋಟೆಯನ್ನು ಜೇಬಿಗಿಳಿಸಿ ಮನೆಯ ದಾರಿ ಹಿಡಿದೆ.

ಬಾಹ್ಯಾಕಾಶಕ್ಕೆ ಹೋಗುವ ಮೂವರಲ್ಲಿ ನನ್ನ ಮಗಳೂ ಒಬ್ಬಳು. ಈ ವಾಕ್ಯವನ್ನು ಬೇರೊಂದು ಹಾಳೆಯಲ್ಲಿ ಬರೆದು ನೋಡಿದೆ. ಅದರಲ್ಲಿ ಯಾವ ದೋಷವೂ ಇಲ್ಲ. ಆದರೂ ಗಟ್ಟಿಯಾಗಿ ಓದಲು ಹೋದರೆ ನಾಲಿಗೆ ತೊಡರುತ್ತದೆ. ನೀನು ಅಲ್ಲಿ ನೆಲದ ಮೇಲೆ ಕುಳಿತು ಯಂತ್ರಗಳನ್ನು ಪರೀಕ್ಷಿಸುತ್ತಿರುವೆ ಎಂದೇ ನಿನ್ನ ತಾಯಿ ನಂಬಿದ್ದಾಳೆ. ಹೋದ ವರ್ಷ, ಜನರಿಲ್ಲದ ನೌಕೆಯೊಂದು ಏರುವಾಗಲೇ ಸಿಡಿದು ಚೂರಾದದ್ದನ್ನು ಟಿವಿಯಲ್ಲಿ ನೋಡಿ ಅವಳು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಸದ್ಯ, ಒಳಗೆ ಯಾರ ಮಕ್ಕಳೂ ಇರ್ಲಿಲ್ಲ.”

ಆದಕಾರಣ, ಹೇಳುವ ಹೊಣೆಯನ್ನು ನನಗೆ ಬಿಡು. ತಿಳಿಯದ ವಸ್ತುವನ್ನು ಕಂಡರೆ ಭಯ; ತಿಳಿದ ವಸ್ತುವನ್ನು ಕಂಡರೆ ಎಚ್ಚರ. ತರಗತಿಯಲ್ಲಿ ನಾನು ಕಂಡುಕೊಂಡ ಸತ್ಯ ಇದೊಂದೇ. ಮೊದಲು ಪಾಠೋಪಕರಣ, ಆಮೇಲೆ ಪಾಠ. ನಿಮ್ಮ ನೌಕೆಯ ಚಾಲನಕೋಣೆಯ ಮಾದರಿಯೊಂದನ್ನು, ಆರರಲ್ಲೊಂದು ಪಾಲಿನ ಅಳತೆಯಲ್ಲಿ, ಮನೆಯ ಮುಂಗೋಣೆಯಲ್ಲೇ ಕಟ್ಟುತ್ತೇನೆ. ಹಳೆಯ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ನಿನ್ನ ತಾಯಿಗೆ ಹೇಳಿದ್ದೇನೆ. ಅದು ಬೆಳೆಯುತ್ತ ಹೋದಂತೆ ಅವಳ ಕಣ್ಣು ಪಳಗುತ್ತದೆ. ಕಡೆಗೊಂದು ದಿನ, ಇದರೊಳಗೆ ಕೂರುವವಳು ಯಾರೆಂದು ಹೇಳಿಬಿಟ್ಟರೆ ಮುಗಿಯಿತು.

ಹೊರಗಿನವರಿಗೆ ತಿಳಿಸಬಹುದಾದ ವಿವರಗಳನ್ನಷ್ಟೇ ಬರೆದು ಕಳುಹಿಸು. ಯಾವುದು ಎಲ್ಲಿ, ಎಷ್ಟು ದೂರದಲ್ಲಿ, ಯಾವ ಕೈಗೆ ಎಂಬುದು ಸ್ಪಷ್ಟವಾಗಿರಲಿ.

ನಿನ್ನ ಏಳಿಗೆಯನ್ನು ಬಯಸುವ,
ಅಪ್ಪ


೨೦ ಫೆಬ್ರವರಿ

ಅಪ್ಪಾ,

‘ಚಾಲನಕೋಣೆ’ ಎಂಬ ನಿಮ್ಮ ಮಾತನ್ನು ಇಲ್ಲಿ ಆಡಿದರೆ ನನ್ನನ್ನು ಲಾರಿ ಓಡಿಸಲು ಕಳುಹಿಸಿಯಾರು. ನಾವೆಲ್ಲ ಕಾಕ್‌ಪಿಟ್ ಎನ್ನುತ್ತೇವೆ. ಕೋಪಿಸಿಕೊಳ್ಳಬೇಡಿ.

ಮೂರು ಆಸನಗಳು ಸಾಲಾಗಿವೆ. ಅವುಗಳಲ್ಲಿ ನಾವು ಕೂರುವುದಲ್ಲ, ಬೆನ್ನ ಮೇಲೆ ಮಲಗುವುದು. ಮೊಣಕಾಲು ಮಡಿಸಿ ಪಾದ ಮೇಲಿಟ್ಟು, ಮುಖ ನೇರ ಆಕಾಶದ ಕಡೆಗೆ. ನನ್ನದು ಬಲತುದಿಯ ಆಸನ, ಮೂರನೆಯದು. ಬಲಗೈಯ ಕೆಳಗೆ ನೌಕೆಯ ಮೋರೆ ತಿರುಗಿಸುವ ಹಿಡಿ, ಎಡಗೈಯ ಕೆಳಗೆ ಅದನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವ ಸಣ್ಣ ಹಿಡಿ. ಎದುರಿಗೆ ಮೂರು ಪರದೆ, ಅವುಗಳ ಕೆಳಗೆ ಗುಂಡಿಗಳ ಸಾಲು. ಮುಖ್ಯವಾದ ಗುಂಡಿಗಳ ಮೇಲೆ ತಂತಿಯ ಪುಟ್ಟ ಕಮಾನು ಇರುತ್ತದೆ, ಅರಿಯದೆ ಮೊಣಕೈ ತಾಗದಿರಲೆಂದು. ಬಲಕ್ಕೆ ಒಂದು ದುಂಡು ಕಿಟಕಿ. ಒಬ್ಬೊಬ್ಬರಿಗೂ ಐದು ಪಟ್ಟಿಗಳು: ಹೆಗಲಿಗೆರಡು, ಸೊಂಟಕ್ಕೆರಡು, ಕಾಲುಗಳ ನಡುವೆ ಒಂದು. ಐದೂ ಹೊಟ್ಟೆಯ ಮೇಲಿನ ಒಂದೇ ಕೊಂಡಿಗೆ ಸೇರುತ್ತವೆ. ಅಳತೆಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಆದರೆ ಇಷ್ಟೆಲ್ಲ ಬೇಕೇ ಅಪ್ಪಾ? ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರೆ ಸಾಲದೇ? ಅಥವಾ ನಾನೇ ಫೋನು ಮಾಡಿ ಹೇಳಲೇ?

ಅವಸರದಲ್ಲಿ,
ಬುಗುರಿ


೧೪ ಮಾರ್ಚ್

ಬುಗುರಿ,

ಫೋನು ಮಾಡಬೇಡ. ಹೊಣೆ ನನ್ನದೆಂದ ಮೇಲೆ ನನ್ನದೇ.

ಕೆಲಸ ಸಾಗಿದೆ. ಮುರಿದ ಛತ್ರಿಯ ಕಡ್ಡಿಗಳಿಂದ ಹಂದರ, ಅದರ ಮೇಲೆ ಎರಡು ಪದರ ರಟ್ಟು. ಗುಂಡಿಗಳಿಗೆ ಗುಂಡುಸೂಜಿಯ ತಲೆ, ತಿರುಪುಗಳಿಗೆ ಕೈಗಡಿಯಾರದ ಕೀಲಿ, ಕಿಟಕಿಗೆ ಗಡಿಯಾರದ ಗಾಜು. ಇವನ್ನೆಲ್ಲ ಗಡಿಯಾರದವನು ಡಬ್ಬಿ ಬಗ್ಗಿಸಿ ಕೊಟ್ಟ. “ಇದು ಮೇಲಕ್ಕೆ ಹೋಗತ್ತೋ ಇಲ್ವೋ ಗೊತ್ತಿಲ್ಲ ಮೇಷ್ಟ್ರೇ, ಟೈಮ್ ಮಾತ್ರ ಸರಿಯಾಗಿ ತೋರಿಸತ್ತೆ” ಎಂದ. ಕಮಾನುಗಳಿಗೆ ನಿನ್ನ ತಾಯಿಯ ಕೂದಲ ಪಿನ್ನುಗಳನ್ನು ಕತ್ತರಿಸಿ ಬಗ್ಗಿಸಿದೆ. ಒಂದು ಸಿಡಿದು ಕನ್ನಡಕದ ಗಾಜಿಗೆ ಬಡಿಯಿತು. “ನನ್ನ ಪಿನ್ನೆಲ್ಲ ಆಕಾಶಕ್ಕೆ ಹೋದ್ರೆ ನಾನು ಜಡೆಗೆ ಏನು ಸಿಕ್ಕಿಸ್ಕೊಳ್ಳಲಿ?” ಎಂದು ಅವಳು ಬಂದು ನಿಂತಳು. ನಿಂತವಳು ಹೋಗಲಿಲ್ಲ. ಬಹಳ ಹೊತ್ತು ನೋಡಿದಳು.

ಅಂದೇ ಹೇಳಬಹುದಾಗಿತ್ತು. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಂಟು ಒಣಗುತ್ತಿರುವುದು ಕಂಡಿತು.

ಪಟ್ಟಿಗಳನ್ನು ಹೊಲಿಯಲು ಅವಳೇ ಒಪ್ಪಿದ್ದಾಳೆ. ಸಣ್ಣ ರಿಬ್ಬನ್ನಿನ ಅಂಚು ಮಡಿಸಿ, ಅಕ್ಕಿಕಾಳಿಗಿಂತ ಚಿಕ್ಕ ಹೊಲಿಗೆ ಹಾಕುತ್ತಾಳೆ. ಐದನೆಯ ಪಟ್ಟಿ ಏಕೆಂದು ಕೇಳಿದಳು. ದೇಹ ಕೆಳಕ್ಕೆ ಜಾರದಂತೆ ಎಂದೆ. “ಅಷ್ಟು ಜೋರಾಗಿ ಎಳೆಯತ್ತಾ?” ಎಂದಳು. ನಾನು ಜಡತ್ವದ ನಿಯಮವನ್ನು ವಿವರಿಸಿದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ನಿಯಮ ಮುಗಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು.

ಈಚೆಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಹಿತ್ತಲಿಗೂ ಬೀದಿಬಾಗಿಲಿಗೂ ನಡೆದು ನಡೆದು ಚಪ್ಪಲಿಯ ಹಿಮ್ಮಡಿ ಸವೆದಿದೆ. ಮಾದರಿಯ ಎದುರು ಮಾತ್ರ ಗಂಟೆಗಟ್ಟಲೆ ಕೂರುತ್ತೇನೆ.

ಮೇಲಿನ ಫಲಕದಲ್ಲಿರುವ ದೀಪಗಳ ಬಣ್ಣ ತಿಳಿಸು.

ನಿನ್ನ ಉತ್ತರದ ದಾರಿ ಕಾಯುತ್ತಿರುವ,
ಅಪ್ಪ


೨ ಏಪ್ರಿಲ್

ಅಪ್ಪಾ,

ಕೆಂಪು, ಹಳದಿ, ಹಸಿರು. ಸಿಗ್ನಲ್ ದೀಪದ ಹಾಗೆಯೇ. ಕೆಂಪು ಹತ್ತಿದರೆ ನಿಲ್ಲಿಸಲು ಮಾತ್ರ ಬರುವುದಿಲ್ಲ.

ಮೊನ್ನೆ ನಮ್ಮನ್ನು ದೊಡ್ಡ ತೋಳಿನ ಯಂತ್ರಕ್ಕೆ ಕಟ್ಟಿ ಸುತ್ತಿಸಿದರು. ಎದೆಯ ಮೇಲೆ ಆನೆ ಕೂತ ಹಾಗಿತ್ತು. ಇಳಿದ ಮೇಲೆ, ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಆಗ ಅಮ್ಮನಿಗೆ ಫೋನು ಮಾಡಿದೆ. “ಊಟ ಆಯ್ತಾ? ಯಾಕೆ ಏದುಸಿರು? ಮೆಟ್ಟಿಲು ಹತ್ತಿದ್ಯಾ?” ಎಂದು ಕೇಳಿದಳು. ಹೂಂ ಎಂದೆ. ಎಷ್ಟು ದಿನ ಮೆಟ್ಟಿಲು ಹತ್ತಲಿ ಅಪ್ಪಾ?

ನಮ್ಮ ಹೆಸರುಗಳನ್ನು ಜೂನ್ ಮೊದಲ ವಾರದಲ್ಲಿ ಪ್ರಕಟಿಸುತ್ತಾರೆ. ಆಮೇಲೆ ನಮ್ಮನ್ನು ಪ್ರತ್ಯೇಕವಾಗಿ ಇಡುತ್ತಾರೆ, ನೆಗಡಿಯೂ ಅಂಟಬಾರದಲ್ಲ. ನೌಕೆ ಹತ್ತುವ ಮುನ್ನ, ಗಾಜಿನ ಗೋಡೆಯ ಆಚೆಯಿಂದ ಮನೆಯವರು ಒಂದು ಸಲ ನೋಡಬಹುದು, ಇಬ್ಬರಿಗೆ ಅವಕಾಶ. ಅಮ್ಮ ನನ್ನ ಹೆಸರನ್ನು ಪೇಪರಿನಲ್ಲಿ ಓದಬಾರದು. ಆ ಗಾಜಿನ ಆಚೆ ಅವಳು ಇರಬೇಕು. ನನಗೆ ಬೇಕಾಗಿರುವುದು ಇಷ್ಟೇ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬಾರದು.

ಹೇಳಿದಿರಾ?

ಬುಗುರಿ


೨೧ ಏಪ್ರಿಲ್

ಬುಗುರಿ,

ಮಾದರಿಯ ಛಾಯಾಚಿತ್ರವನ್ನು ಇದರೊಡನೆ ಇಟ್ಟಿದ್ದೇನೆ. ಗಡಿಯಾರದವನ ಸೊಸೆ ತೆಗೆದುಕೊಟ್ಟಳು. ಎದುರಿನ ಫಲಕವನ್ನು ಎತ್ತಿಡಬಹುದಾದಂತೆ ಮಾಡಿದ್ದೇನೆ. ಎತ್ತಿದರೆ ಮೂರು ಆಸನಗಳ ಮುಖವೂ ಒಟ್ಟಿಗೆ ಕಾಣುತ್ತದೆ. ಕಿಟಕಿಯ ಸುತ್ತ ತಿರುಪಿನ ತಲೆಗಳು ಕೂಡ ಇವೆ, ಗಮನಿಸು. ಬೂದು ಬಣ್ಣ ಮೊದಲ ಸಲ ಹೊಳಪಾಗಿ ಬಂತು. ಉಜ್ಜಿ ತೆಗೆದು ಮತ್ತೆ ಬಳಿದೆ. ಪಟ್ಟಿಗಳೂ ಮೊದಲು ಒಪ್ಪವಾಗಿರಲಿಲ್ಲ, ಬಿಚ್ಚಿಸಿ ಹೊಲಿಸಿದೆ. ನಿನ್ನ ತಾಯಿ, “ಬರೋ ಮಕ್ಕಳು ಪಟ್ಟಿ ನೋಡ್ತಾರಾ, ಮಿಠಾಯಿ ನೋಡ್ತಾರಾ?” ಎಂದಳು, ಆದರೂ ಬಿಚ್ಚಿದಳು.

ನೀನು ಕೇಳಿದ ಪ್ರಶ್ನೆಗೆ: ಇನ್ನೂ ಇಲ್ಲ. ಕಳೆದ ವಾರ ಹೇಳಬೇಕೆಂದು ಕುಳಿತೆ. ಅವಳು ಚಹಾ ತಂದಿಟ್ಟಳು. “ಇಲ್ಲಿ ಕುಳಿತುಕೋ, ಒಂದು ವಿಷಯ” ಎಂದೆ. “ಹೇಳಿ” ಎಂದು ಕುಳಿತಳು. ಸೆರಗಿನಲ್ಲಿ ಕೈ ಒರಸಿಕೊಂಡಳು. ಆ ಕೈಗಳನ್ನು ನೋಡಿದೆ. “ಸಕ್ಕರೆ ಹೆಚ್ಚಾಗಿದೆ” ಎಂದೆ. ಅವಳು ಎದ್ದುಹೋದಳು.

ಮಾದರಿ ಒಂದು ಸಲ ಲೋಪವಿಲ್ಲದೆ ಮುಗಿಯಲಿ. ಅರೆಬರೆ ಉಪಕರಣವನ್ನು ಹಿಡಿದು ಪಾಠ ಮಾಡುವುದು ನನ್ನ ಪದ್ಧತಿಯಲ್ಲ. ತಪ್ಪುಗಳಿದ್ದರೆ ಮುಚ್ಚುಮರೆಯಿಲ್ಲದೆ ತಿಳಿಸು.

ನಿನ್ನ
ಅಪ್ಪ


೩ ಮೇ

ಅಪ್ಪಾ,

ಚಿತ್ರವನ್ನು ನನ್ನ ಜೊತೆಯ ಇಬ್ಬರಿಗೂ ತೋರಿಸಿದೆ. ಒಬ್ಬರು ತಿರುಪಿನ ತಲೆಗಳನ್ನು ಬೆರಳಿಟ್ಟು ಎಣಿಸಿ, “ನಿಮ್ಮಪ್ಪ ಇಲ್ಲಿ ಬಂದಿದ್ರಾ?” ಎಂದು ಕೇಳಿದರು. ಹೆಮ್ಮೆಯಿಂದ ಬೀಗುತ್ತಿದ್ದೆ. ಅಷ್ಟರಲ್ಲಿ ಇನ್ನೊಬ್ಬರು, “ಆದ್ರೆ ಇದೇನಿದು, ಎಲ್ಲಾ ತಿರುವುಮುರುವು?” ಎಂದರು.

ನಿಜ ಅಪ್ಪಾ. ಬಲದ್ದೆಲ್ಲ ಎಡಕ್ಕಿದೆ, ಎಡದ್ದೆಲ್ಲ ಬಲಕ್ಕೆ. ನನ್ನ ಆಸನ ಎಡತುದಿಗೆ ಹೋಗಿದೆ. ತಿರುಗಿಸುವ ಹಿಡಿ ಎಡಗೈಗೆ ಬಂದಿದೆ. ಕಿಟಕಿಯೂ ಆ ಕಡೆಗೇ. ಹೇಗಾಯಿತೆಂದು ಯೋಚಿಸಿದೆ, ಆಮೇಲೆ ನಗು ತಡೆಯಲಾಗಲಿಲ್ಲ. ನೀವು ಆಸನದಲ್ಲಿ ಕುಳಿತು ಕಟ್ಟಿಲ್ಲ. ಆಸನಗಳ ಎದುರು, ತರಗತಿಯ ಮುಂದೆ ನಿಂತು ಕಟ್ಟಿದ್ದೀರಿ! ನಾನು ಬಲಕ್ಕೆ ಎಂದು ಬರೆದದ್ದನ್ನೆಲ್ಲ ನಿಮ್ಮ ಬಲಕ್ಕೆ ಅಂಟಿಸಿದ್ದೀರಿ. ಜೀವಮಾನವೆಲ್ಲ ಮಕ್ಕಳ ಮುಖ ನೋಡುತ್ತ ನಿಂತವರು ಬೇರೆ ಹೇಗೆ ಕಟ್ಟಿಯಾರು?

ಎಡಗೈಯವಳಾದ ನನಗೆ ಇದೇ ಹಿತವಾಗಿ ಕಾಣುತ್ತದೆ, ಗೊತ್ತೇ? ಆ ಬಲಗೈಯ ಹಿಡಿಗೆ ಕೈ ಪಳಗಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಈಗ ನಗುವುದನ್ನು ನಿಲ್ಲಿಸಿ ಬರೆಯುತ್ತೇನೆ. ಅದನ್ನು ಸರಿಪಡಿಸಲು ಹೋಗಬೇಡಿ. ಹಾಗೆಯೇ ಇರಲಿ. ಮೊದಲು ಅಮ್ಮನಿಗೆ ಹೇಳಿ. ಗಾಜಿನ ಭೇಟಿಗೆ ಬರುವವರ ಹೆಸರನ್ನು ಈ ತಿಂಗಳ ಕೊನೆಯೊಳಗೆ ಕೊಡಬೇಕು. ನಿಮ್ಮ ಹೆಸರು ಕೊಟ್ಟಿದ್ದೇನೆ. ಇನ್ನೊಂದು ಜಾಗ ಖಾಲಿಯಿದೆ. ನೀವು ಹೇಳದಿದ್ದರೆ, ಇಪ್ಪತ್ತನೆಯ ತಾರೀಖಿಗೆ ನಾನೇ ಮನೆಯ ವಿಳಾಸಕ್ಕೆ, ಅಮ್ಮನ ಹೆಸರಿಗೆ ಬರೆಯುತ್ತೇನೆ.

ಬುಗುರಿ


೧೫ ಮೇ

ಬುಗುರಿ,

ನೀನು ಬೇಡವೆಂದರೂ ನಾನು ಬಿಚ್ಚಲು ಕುಳಿತೆ. ತಪ್ಪೆಂದು ತಿಳಿದ ಮೇಲೆ ಅದರ ಎದುರು ಅನ್ನ ಇಳಿಯುವುದಿಲ್ಲ. ನಿನ್ನ ಪತ್ರವನ್ನು ಜೇಬಿನಿಂದ ಹೊರಗೆ ತೆಗೆಯದೆ, ಇದನ್ನೆಲ್ಲ ಎರಡು ವಾರದಲ್ಲಿ ತಿರುಗಿಸಿ ಕೂರಿಸಬಹುದೇ ಎಂದು ಲೆಕ್ಕ ಹಾಕುತ್ತಿದ್ದೆ. ಎರಡು ವಾರ ಸಿಕ್ಕಿತಲ್ಲ ಎಂದು ಮನಸ್ಸಿಗೆ ಹಗುರವೂ ಆಯಿತು. ಆ ಹಗುರ ನನಗೇ ಹೇಸಿಗೆಯೆನಿಸಿತು. ಆದರೂ ಇಕ್ಕಳವನ್ನು ಕೈಗೆತ್ತಿಕೊಂಡು, ಮೂರನೆಯ ಆಸನದ ತಿರುಗಿಸುವ ಹಿಡಿಯನ್ನು ಹಿಡಿದೆ.

ನಿನ್ನ ತಾಯಿ ಹೊಲಿಗೆ ಯಂತ್ರದ ಹಿಂದಿನಿಂದ, ತಲೆಯೆತ್ತದೆ ಹೇಳಿದಳು: “ಅದನ್ನ್ಯಾಕೆ ಕೀಳ್ತೀರಿ? ಅವಳು ಎಡಗೈಯವಳಲ್ವಾ, ಅಲ್ಲೇ ಇರ್ಲಿ ಬಿಡಿ.”

“ಯಾರು?” ಎಂದೆ.

“ಇನ್ಯಾರು, ನಿಮ್ಮ ಪ್ರದರ್ಶನಕ್ಕೆ ಬರೋ ಹೆಡ್‌ಮಾಸ್ಟ್ರಾ?”

ಇಕ್ಕಳ ಹಿಡಿದ ಕೈ ಹಾಗೆಯೇ ನಿಂತಿತು. ಅವಳೇ ಕೇಳಿದಳು: “ಯಾವಾಗ?”

“ಜೂನ್ ಕೊನೆಗೆ.”

“ವಾಪಸ್ಸು?”

“ಹೋಗಿ ಒಂದು ವಾರದೊಳಗೆ.”

“ಹೂಂ” ಎಂದಳು. ಆಮೇಲೆ ಹೊಲಿಯತೊಡಗಿದಳು. ಯಂತ್ರ ಓಡುತ್ತಲೇ ಇತ್ತು. ಹತ್ತಿರ ಹೋಗಿ ನೋಡಿದರೆ ಸೂಜಿಯಲ್ಲಿ ದಾರವಿರಲಿಲ್ಲ.

ಬಟ್ಟೆಯ ತುಂಬ ಬರಿಯ ತೂತುಗಳು. “ಕೇಳು, ಇದರ ಸುರಕ್ಷೆಯ ಏರ್ಪಾಡು ಹೇಗೆಂದರೆ” ಎಂದು ಶುರುಮಾಡಿದೆ. “ಪಾಠ ಬೇಡ” ಎಂದಳು.

ಅಂದಿನಿಂದ ಮಾತಿಲ್ಲ. ಊಟಕ್ಕೆ ಬಡಿಸುತ್ತಾಳೆ, ಬಾಗಿಲು ಹಾಕುತ್ತಾಳೆ, ದೀಪ ಆರಿಸುತ್ತಾಳೆ. ಗಾಜಿನ ಭೇಟಿಯ ವಿಷಯವನ್ನು ಬಾಗಿಲಾಚೆ ನಿಂತು ಹೇಳಿದೆ. ಕೇಳಿಸಿತೋ ಇಲ್ಲವೋ ತಿಳಿಯದು. ಆ ಖಾಲಿ ಜಾಗದಲ್ಲಿ ಯಾರ ಹೆಸರು ಬರೆಯಬೇಕೆಂದು ನಾನು ಹೇಳಲಾರೆ.

ಅಪ್ಪ


೨೦ ಮೇ

ಅಮ್ಮಾ,

ಈ ಕಾಗದ ನಿನ್ನ ಹೆಸರಿಗೇ, ನಮ್ಮ ಮನೆಯ ವಿಳಾಸಕ್ಕೇ. ಇದಕ್ಕೆ ಮೊದಲು ಬರೆದದ್ದೆಲ್ಲ ಗಡಿಯಾರದ ಅಂಗಡಿಗೆ ಹೋಯಿತು. ನನಗೆ ನಾಚಿಕೆಯಾಗುತ್ತಿದೆ.

ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. ಅಪ್ಪ ಎತ್ತಿ, “ಅವಳು ಸ್ನಾನಕ್ಕೆ ಹೋಗಿದ್ದಾಳೆ” ಎನ್ನುತ್ತಾರೆ. ಹಿಂದೆ ಯಂತ್ರದ ಸದ್ದು ಕೇಳುತ್ತಿರುತ್ತದೆ.

ನೀನು ಬೇಡವೆಂದರೆ ನಾನೇನು ಮಾಡುವೆ ಎಂದು ರಾತ್ರಿಯೆಲ್ಲ ಕೇಳಿಕೊಂಡೆ. ಹೋಗುತ್ತೇನೆ, ಅಮ್ಮಾ. ಸುಳ್ಳು ಹೇಳಲಾರೆ. ಹೋಗುತ್ತೇನೆ, ಆದರೆ ಗಾಜಿನ ಆಚೆ ನೀನಿಲ್ಲದೆ ಹೋಗುವುದು ಹೇಗೆಂದು ಇಲ್ಲಿ ಯಾರೂ ಕಲಿಸಿಕೊಟ್ಟಿಲ್ಲ. ಬರುತ್ತೀಯೋ ಇಲ್ಲವೋ, ಒಂದು ಗೆರೆ ಬರೆ. ಬೈಯುವುದಾದರೆ ಎರಡು ಗೆರೆ ಬರೆ.

ನಿನ್ನ
ಬುಗುರಿ


೨೬ ಮೇ

ಬುಗುರಿ,

ಎರಡು ಗೆರೆಯಲ್ಲಿ ಮುಗಿಯುವ ಬೈಗುಳವಲ್ಲ ಇದು. ಕುಳಿತುಕೊಂಡು ಓದು.

ನಿನ್ನಪ್ಪ ಮೂರು ಆಸನಕ್ಕೆ ಪಟ್ಟಿ ಹೊಲಿಸಿದರು. ಎರಡನ್ನು ನೋಡಿ ಆಯಿತು ಎಂದರು. ಮೂರನೆಯದನ್ನು ಮಾತ್ರ ಮತ್ತೆ ಮತ್ತೆ ಬಿಚ್ಚಿಸಿದರು. ಇಲ್ಲಿ ಸಡಿಲ, ಅಲ್ಲಿ ಬಿಗಿ, ಹೆಗಲ ಹತ್ತಿರ ಒತ್ತುತ್ತದೆ ಎನ್ನುತ್ತಿದ್ದರು. ಬೊಂಬೆಯೂ ಇಲ್ಲದ ಖಾಲಿ ಆಸನಕ್ಕೆ ಎಲ್ಲಿ ಒತ್ತಬೇಕು? ಆವತ್ತೇ ಅನುಮಾನ ಬಂತು. ಆಮೇಲೆ ಆ ಎಡಗಡೆಯ ಹಿಡಿ ನೋಡಿದೆ, ಅನುಮಾನವೂ ಉಳಿಯಲಿಲ್ಲ. ಅದು ತಪ್ಪಾಗಿ ಆ ಕಡೆ ಹೋದದ್ದು ಎಂದು ನಿನ್ನಪ್ಪ ಈಗ ಹೇಳುತ್ತಿದ್ದಾರೆ. ಅವರ ತಪ್ಪಾದರೂ ನನಗೆ ನಿಜ ಹೇಳಿತು, ಅವರು ಹೇಳಲಿಲ್ಲ.

ಗೊತ್ತಾದ ಮೇಲೆ ನಾನೂ ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಡುತ್ತಾರಲ್ಲ. ಅವರು ಹೇಳಲಾರರು, ನಾನು ಕೇಳಲಾರೆ; ಒಂದೇ ಕೋಣೆಯಲ್ಲಿ ಅವರು ಅಂಟು ಹಚ್ಚುತ್ತ, ನಾನು ಪಟ್ಟಿ ಹೊಲಿಯುತ್ತ ದಿನ ತಳ್ಳಿದೆವು. ನೀವಿಬ್ಬರೂ ಸೇರಿ ನನಗೆ ಪಾಠ ಕಲಿಸಲು ಹೊರಟಿರಲ್ಲ, ಅದಕ್ಕೆ ಸಿಟ್ಟು. ನಾನೇನು ಕಡೇ ಬೆಂಚಿನ ಹುಡುಗಿಯೇ? ನಿನ್ನನ್ನು ಹೆತ್ತವಳಿಗೆ ನಿನ್ನ ಸುದ್ದಿ ತಿಳಿಸಲು ರಟ್ಟು, ಗೋಂದು, ಕೂದಲ ಪಿನ್ನು ಬೇಕಾಯಿತೇ?

ಮೊನ್ನೆ ನಿನ್ನಪ್ಪ ಅಂಗಡಿಗೆ ಹೋಗಿದ್ದಾಗ ಊಟದ ಮನೆಯ ಕುರ್ಚಿಯನ್ನು ನೆಲದ ಮೇಲೆ ಅಂಗಾತ ಕೆಡವಿದೆ. ಅದರೊಳಗೆ ಬೆನ್ನು ಕೊಟ್ಟು, ಕಾಲು ಮಡಿಸಿ ಮೇಲಿಟ್ಟು ಮಲಗಿದೆ. ಆ ಗೊಂಬೆಮನೆಯಲ್ಲಿ ನೀನು ಹೇಗಿರುತ್ತೀಯೆಂದು ಕಣ್ಣಿಗೆ ಗೊತ್ತಾಗಿತ್ತು, ಮೈಗೆ ಗೊತ್ತಾಗಬೇಕಿತ್ತು. ರಕ್ತ ತಲೆಗೆ ಇಳಿಯಿತು. ಮೇಲೆ ನೋಡಿದರೆ ಫ್ಯಾನು. ಅಷ್ಟು ಹೊತ್ತಿಗೆ ಇವರು ಬಂದರು.

“ಏನೇ ಇದು! ಬಿದ್ಯಾ?”

“ಬಿದ್ದಿಲ್ಲ. ಹೋಗಿದ್ದೀನಿ. ಬಾಗಿಲು ಹಾಕಿ, ಯಾರಾದ್ರೂ ನೋಡ್ತಾರೆ.”

ಬಾಗಿಲು ಹಾಕಿದರು. ಕನ್ನಡಕ ಒರಸಿಕೊಂಡರು. ಆಮೇಲೆ ಇನ್ನೊಂದು ಕುರ್ಚಿ ತಂದು ನನ್ನ ಪಕ್ಕದಲ್ಲಿ ಕೆಡವಿ, ಅಯ್ಯೋ ಅಮ್ಮಾ ಎನ್ನುತ್ತ ಅದರೊಳಗೆ ಇಳಿದರು. ಮಂಡಿ ನೋವಿನ ಮನುಷ್ಯ! ಇಬ್ಬರೂ ಮೇಲೆ ನೋಡುತ್ತ ಮಲಗಿದೆವು. “ಭಯ ಆಗತ್ತೆ ಕಣೇ” ಎಂದರು. ನಮ್ಮ ಮದುವೆಯಾದಾಗಿನಿಂದ ಅವರು ಒಂದು ಸಲವೂ ಆಡದ ಮಾತು. “ನಂಗೂ” ಎಂದೆ. ಆಮೇಲೆ ಇಬ್ಬರಿಗೂ ಏಳಲು ಬರಲಿಲ್ಲ. ಒಬ್ಬರನ್ನೊಬ್ಬರು ಹಿಡಿದು ಎಳೆದಾಡಿ, ನಕ್ಕು, ಉರುಳಿ, ಗೋಡೆ ಹಿಡಿದು ಎದ್ದೆವು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಹೋಗುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಬರಹದಲ್ಲಿಯೇ ಹೇಳುತ್ತಿದ್ದೇನೆ, ಒಪ್ಪಿಗೆಯಿಲ್ಲ. ನಾಳೆ ಪೇಪರಿನವರು ಬಂದು ಹೆಮ್ಮೆಯಾ ಎಂದು ಕೇಳಿದರೆ, ನನಗಿರುವುದು ಭಯ, ಹೆಮ್ಮೆಯನ್ನು ಮೇಷ್ಟ್ರಲ್ಲಿ ಕೇಳಿ ಎನ್ನುತ್ತೇನೆ. ಆದರೆ ಒಪ್ಪದವಳು ಬರಬಾರದೆಂದು ನಿಯಮವಿದೆಯೇ? ಇಲ್ಲದಿದ್ದರೆ ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆ. ಒಪ್ಪದೆಯೇ ಬಂದು ನಿಲ್ಲುತ್ತೇನೆ. ಅಳು ಬಂದರೆ ಅಳುತ್ತೇನೆ, ಸಮಾಧಾನ ಹೇಳಲು ಬರಬೇಡಿ ಎಂದು ನಿನ್ನಪ್ಪನಿಗೂ ಹೇಳಿದ್ದೇನೆ. ನೀನು ಮಾತ್ರ ಅಳಬೇಡ, ಕೆಲಸ ಕೆಡುತ್ತದೆ.

ಭೇಟಿ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಫೋನು ಮಾಡಿ ಹೇಳು. ಎತ್ತುತ್ತೇನೆ. ಟಿಕೆಟು ಆಮೇಲೆ ತೆಗೆಸೋಣ ಎಂದರೂ ನಿನ್ನಪ್ಪ ಕೇಳುತ್ತಿಲ್ಲ. ಪೆಟ್ಟಿಗೆ ಕಟ್ಟಿ, ಇಸ್ತ್ರಿಯ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿಕೊಂಡು ಬೆಳಗಿನಿಂದ ಬಾಗಿಲಲ್ಲೇ ನಿಂತಿದ್ದಾರೆ.

ನಿನ್ನ
ಅಮ್ಮ